ಕುತ್ತಿಗ್ಯಾಗ ರಾಡ್ ಐತಿ, ಸಾವಕಾಶ!

ನಮ್ಮ ಮನೆಯಲ್ಲಿ ಈಗ ಅಪ್ಪ-ಮಗ ಮಾತು ಬಿಟ್ಟಿದ್ದಾರೆ. ಅಜ್ಜಿ-ಮೊಮ್ಮಗ ಮಾತು ಬಿಟ್ಟು ಮತ್ತೆ ಹಿಡಿದಿದ್ದಾರೆ. ನಾನು ಸಿಂಕಿನ ಮುಂದೆ ನಿಂತು ಒಬ್ಬಳೇ ನಗುತ್ತಿದ್ದೇನೆ. ಜಗಳ ಆಸ್ತಿಯದ್ದಲ್ಲ, ಮಾರ್ಕ್ಸಿನದ್ದೂ ಅಲ್ಲ. ಮಗನ ಬಾಸ್ ಗಿಟಾರನ್ನು ಮನೆಯಲ್ಲಿ ಎಲ್ಲಿ ಇಡಬೇಕು ಅನ್ನುವುದು.

ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ ಚಳಿಗಾಲವೆಂದರೆ ಕಿಟಕಿ ಮುಚ್ಚಿ, ಹೀಟರ್ ಹಚ್ಚಿ ಒಳಗೇ ಕೂರುವ ಕಾಲ. ಮಗ ಬಾಸನ್ನು ಹಾಲಿನ ಗೋಡೆಗೆ ಒರಗಿಸಿದ್ದ, ಅದೂ ನೆಲದ ಜಾಲರಿಯಿಂದ ಬಿಸಿಗಾಳಿ ಬರುವ ಕಡೆಗೇ. ಕೊಪ್ಪಳ ಸೀಮೆಯ ತಾವರಗೇರಾದಿಂದ ಬಂದಿಳಿದ ಅತ್ತೆಗೆ ಮೊದಲ ದಿನವೇ ಅದಕ್ಕೆ ಕಾಲು ತಾಗಿತು. ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡು, "ಬಾರ್ಸೂದನ್ನ ಯಾರರ ನೆಲಕ್ಕ ಇಡ್ತಾರೇನು? ಗ್ವಾಡಿಗೊಂದು ಗೂಟ ಹೊಡೀರಿ" ಎಂದರು.

ತಾವರಗೇರಾದ ಮನೆಯಲ್ಲಿ ಗೂಟಗಳಿಗೇನು ಬರ? ಮಣ್ಣಿನ ದಪ್ಪ ಗೋಡೆಯಲ್ಲಿ ಬಾರಕೋಲಿಗೊಂದು, ಹಗ್ಗಕ್ಕೊಂದು, ಮಾವ ಮಿರಜಿನಿಂದ ತಂದ ಭಜನೆಯ ತಂಬೂರಿಗೊಂದು. ಇಲ್ಲಿಯ ಗೋಡೆ ಅಂದರೆ ಜಿಪ್ಸಮ್ ಹಲಗೆ. ಹಿಂದೆ 16 ಇಂಚಿಗೊಂದು ಮರದ ಕಂಬ ಇರುತ್ತದೆ. ಮೊಳೆ ಕಂಬಕ್ಕೆ ಕೂತರೆ ಬಾಸ್ ನಿಲ್ಲುತ್ತದೆ, ತಪ್ಪಿದರೆ ನಾಲ್ಕು ಕಿಲೋ ಬಾಸ್ ಗೋಡೆಯ ಚೂರು ಸಮೇತ ನೆಲಕ್ಕೆ. ಕಂಬ ಹುಡುಕಲು ಅಂಗೈಯಗಲದ ಯಂತ್ರವೇ ಸಿಗುತ್ತದೆ. ನಮ್ಮ ಮನೆಯವರು ಇಂಜಿನಿಯರು, ಯಂತ್ರ ಬೇಡವೆಂದರು. ಭಾನುವಾರವಿಡೀ ಗೋಡೆ ತಟ್ಟಿ, ಕಿವಿಯಿಟ್ಟು, "ಇಲ್ಲೈತಿ... ಇಲ್ಲಲ್ಲ, ಇಲ್ಲೆ" ಎನ್ನುತ್ತ ಸಂಜೆ ಮಾಡಿದರು. ಕೊನೆಗೆ, "ನಾಳೆ ಮನಿ ಮಾರೂಮುಂದ ತೂತು ಕಂಡ್ರ ರೇಟ್ ಬೀಳ್ತೈತಿ" ಎಂದು ಎದ್ದುಬಿಟ್ಟರು. ಮನೆ ಮಾರುವ ಮಾತು ನಾನು ಕೇಳಿದ್ದು ಅದೇ ಮೊದಲು.

ಸ್ಟ್ಯಾಂಡ್ ತಂದರು. ಅದರ ರಬ್ಬರು ತಾಗಿದರೆ ಮೆರುಗು ಕರಗುತ್ತದೆ ಎಂದು ಮಗ ಕೂಗಾಡಿ, ಅದರ ಎರಡೂ ಕೈಗೆ ಅಜ್ಜಿಯ ಉಣ್ಣೆಯ ಕಾಲುಚೀಲ ತೊಡಿಸಿದ. ಮಾತು ಸುಳ್ಳಲ್ಲ; ಆದರೆ ಅದು ಹಳೆಯ, ದುಬಾರಿ ಬಾಸ್‌ಗಳ ನೈಟ್ರೋಸೆಲ್ಯುಲೋಸ್ ಮೆರುಗಿನ ಕಷ್ಟ. ನಮ್ಮವನದಕ್ಕೆ ಬಳಿದಿರುವುದು ಪಾಲಿಯೆಸ್ಟರು, ಅದಕ್ಕೆ ರಬ್ಬರು ಸಾಮಾನ್ಯವಾಗಿ ಏನೂ ಮಾಡದು. ಅಗ್ಗದ ವಾದ್ಯಕ್ಕೂ ಶ್ರೀಮಂತರ ಕಾಯಿಲೆಯೇ ಬೇಕು ಈ ಹುಡುಗನಿಗೆ. ಅತ್ತೆ ಬರಿಗಾಲಲ್ಲಿ ಓಡಾಡಿದರು.

ನಿಜವಾದ ಅನಾಹುತ ಹುಟ್ಟಿದ್ದು ಮೊಮ್ಮಗನ ಪಾಠದಿಂದ. ಮರಕ್ಕೆ 45ರಿಂದ 55 ಪ್ರತಿಶತ ತೇವಾಂಶದ ಹವೆ ಹಿತ. ಹೀಟರ್ ಉರಿಯುವ ಮನೆಯಲ್ಲಿ ಅದು 30ಕ್ಕಿಂತ ಕೆಳಗಿಳಿದು ಮರ ಒಣಗುತ್ತದೆ, ಕುತ್ತಿಗೆ ಬಾಗುತ್ತದೆ ಎಂದ. ನಾಲ್ಕು ತಂತಿ ಸೇರಿ ಅದನ್ನು ಎಳೆಯುವುದು ಸುಮಾರು 75 ಕಿಲೋ ಭಾರದಷ್ಟು.

"ಮುಕ್ಕಾಲು ಕ್ವಿಂಟಲ್?" ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡರು. "ಎತ್ತಿನ ಕುತ್ತಿಗೀನೂ ತಡ್ಯಾಂಗಿಲ್ಲಪಾ."

"ಅದಕ್ಕೇ ಅಜ್ಜಿ, ಒಳಗೆ ಕಬ್ಬಿಣದ ರಾಡ್ ಹಾಕಿರ್ತಾರೆ."

ಕೊಪ್ಪಳ ಸೀಮೆಯಲ್ಲಿ "ರಾಡ್ ಹಾಕ್ಯಾರ" ಅಂದರೆ ಮುಂದಿನದು ಯಾರೂ ಕೇಳಬೇಕಿಲ್ಲ. ಗಾಡಿ ಬಿದ್ದಿದೆ, ದವಾಖಾನೆ ಆಗಿದೆ, ಮೂರು ತಿಂಗಳು ಹಾಸಿಗೆ. ಸಾಲದ್ದಕ್ಕೆ ಬೆರಳು ಓಡುವ ಪಟ್ಟಿ ನಮ್ಮ ದೇಶದ ಮತ್ತಿ ಮರದ್ದು ಎಂದೂ ಹೇಳಿಬಿಟ್ಟ. 2017ರಲ್ಲಿ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರದ ನಿಯಮ ಕಟ್ಟುನಿಟ್ಟಾದ ಮೇಲೆ ಅಗ್ಗದ ಬಾಸ್‌ಗಳಿಗೆ ಮತ್ತಿ ಬಂತು. 2019ರಲ್ಲಿ ವಾದ್ಯಗಳಿಗೆ ನಿಯಮ ಸಡಿಲಾದರೂ ಮತ್ತಿ ಉಳಿದುಕೊಂಡಿತು. ಅತ್ತೆಗೆ ಇಷ್ಟೇ ತಿಳಿದದ್ದು: ನಮ್ಮ ಕಡೆಯದು, ಕುತ್ತಿಗೆಗೆ ರಾಡ್ ಹಾಕಿಸಿಕೊಂಡು ಪರದೇಶದಲ್ಲಿ ಬಿಸಿಗಾಳಿಗೆ ನಿಂತಿದೆ.

ಅಂದು ರಾತ್ರಿ ಮನೆಯವರು ಆಫೀಸಿನಿಂದ ಬರುವಾಗ ಒಂದು ಗಂಟೆ. ಎಷ್ಟು ಹೊತ್ತಾದರೂ ಅವ್ವನ ಹೊದಿಕೆ ಸರಿಮಾಡಿಯೇ ಮಲಗುವ ಮಗ ಅವರು. ಕತ್ತಲಲ್ಲಿ ಮಂಚದ ಹತ್ತಿರ ಹೋಗಿ ಕೌದಿಯ ಮೇಲೆ ಕೈಯಾಡಿಸಿದರು. ಭುಜ ಗಟ್ಟಿ ಹತ್ತಿತು. ಒಳಗೆ ಕೈ ಹಾಕಿ ಅವ್ವನ ಕೈ ಹುಡುಕಿದರು. ಸಣ್ಣಗೆ, ಸೆಟೆದು, ತಣ್ಣಗೆ, ಮೇಲೆ ಔಡಲೆಣ್ಣೆ. "ಅವ್ವಾ" ಎಂದರು. ಉತ್ತರವಿಲ್ಲ. ನಾಡಿಗೆಂದು ಎರಡು ಬೆರಳು ಒತ್ತಿದರು.

ದುಂ.

ಕಾದರು. ಬೆರಳು ನಡುಗಿತು. ಮತ್ತೊಮ್ಮೆ, ದುಂ.

"ಏ, ಎದ್ದು ಬಾರ! ಅವ್ವನ ನಾಡಿ ಭಾಳ ಸಾವಕಾಶ ಬಡ್ಯಾಕತ್ತೈತಿ!"

ಸರಿಯಾಗಿ ಬಿಗಿದ ದಪ್ಪ ತಂತಿ ಸೆಕೆಂಡಿಗೆ 41 ಸಲ ಅಲುಗುತ್ತದೆ. ಅತ್ತೆ ಎಲ್ಲ ತಂತಿ ಸಡಿಲಿಸಿದ್ದರಿಂದ ದನಿ ಪಾತಾಳಕ್ಕೆ ಇಳಿದಿತ್ತು. ನಾನು ಓಡಿ ಬಂದು ದೀಪ ಹಾಕುವಾಗ ಇವರು ಒಂದು ಕೈಯಲ್ಲಿ ನಾಡಿ ಹಿಡಿದು, ಇನ್ನೊಂದರಲ್ಲಿ 911ರ ಎರಡು ಅಂಕಿ ಒತ್ತಿಯಾಗಿತ್ತು. ಬಾಸಿಗೆ ಮಂಚ ಬಿಟ್ಟುಕೊಟ್ಟು ಮೊಮ್ಮಗನ ಕೋಣೆಯ ನೆಲದಲ್ಲಿ ಮಲಗಿದ್ದ ಅತ್ತೆ ಬಾಗಿಲಲ್ಲಿ ಬಂದು ನಿಂತರು. "ಯಾಕಪಾ, ಯಾರಿಗೇನಾತು?"

ಇವರು ಅವ್ವನನ್ನು ನೋಡಿದರು, ಮಂಚ ನೋಡಿದರು. ಮತ್ತೆ ಅವ್ವನನ್ನು ನೋಡಿ, ಬಹುವಚನದಲ್ಲೇ ಕೇಳಿದರು: "ಮತ್ತ ಇವರ್ಯಾರು?"

ಮೊದಲು ಮಗ ನಕ್ಕ. ಆಮೇಲೆ ತಂತಿ ಕಂಡು ಕೆಂಡವಾದ. ಬಾಸಿನ ತಂತಿ ದಿನಾ ಸಡಿಲಿಸುವಂತಿಲ್ಲ. ಎಳೆತ ಹೋದರೆ ಒಳಗಿನ ಸರಳು ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸುತ್ತದೆ. "ಯಾರು ಹೇಳಿದ್ರು ನಿಮಗೆ?" ಎಂದು ಅಜ್ಜಿಯ ಮೇಲೇ ಎಗರಿದ. ಮರುದಿನ ಸಂಜೆಯವರೆಗೂ ಅಜ್ಜಿ ಅವನ ತಟ್ಟೆಗೆ ರೊಟ್ಟಿ ಹಾಕಲಿಲ್ಲ. ಆಮೇಲೆ ಬಳ್ಳೊಳ್ಳಿ ಸುಲಿಯುತ್ತ, ಯಾರಿಗೂ ಅಲ್ಲ ಎಂಬಂತೆ ಹೇಳಿದರು: "ಭಜನಿ ಮುಗಿದ ಮ್ಯಾಲೆ ನಿಮ್ಮ ಮುತ್ಯಾ ತಂಬೂರಿ ತಂತಿ ಸಡ್ಲ ಮಾಡೇ ಗೂಟಕ್ಕ ಹಾಕ್ತಿದ್ರು. ಕಡೀ ಸಲ ಸಡ್ಲ ಮಾಡಿದ್ದು ಹಂಗ ಐತಿ. ನಾ ಬಿಗೀ ಮಾಡಿಲ್ಲ."

ಹುಡುಗ ಎದ್ದು ಹೋಗಿ ತಾನೇ ರೊಟ್ಟಿ ತಂದ. ಅಜ್ಜಿಯ ತಟ್ಟೆಗೂ ಹಾಕಿದ. ಅಪ್ಪ ಮಾತ್ರ ಇನ್ನೂ ಮಗನನ್ನು ಕ್ಷಮಿಸಿಲ್ಲ, ಏಕೆಂದರೆ "ನಾಡಿ ಸಾವಕಾಶ" ಎಂಬುದನ್ನು ಮಗ ಈಗ ಫೋನಿನ ರಿಂಗ್‌ಟೋನ್ ಮಾಡಿಕೊಂಡಿದ್ದಾನೆ.

ಸದ್ಯದ ತೀರ್ಮಾನ: ಬಾಸ್ ಗಟ್ಟಿ ಪೆಟ್ಟಿಗೆಯಲ್ಲಿ, ತೇವ ಹಿಡಿದಿಡುವ ಪೊಟ್ಟಣದೊಂದಿಗೆ, ಅತ್ತೆಯ ಮಂಚದ ಕೆಳಗೆ. ಪೆಟ್ಟಿಗೆ ಇದ್ದರೂ ಗವಸು ಬೇಕೇ ಬೇಕೆಂದು ಅತ್ತೆಯ ಹಟ. ಮೊಳ ಹಾಕಿ ಅಳೆದಾಗಿದೆ: ಎರಡೂವರೆ ಮೊಳ, ಮೇಲೆ ನಾಲ್ಕು ಬೆರಳು. ಆದ್ದರಿಂದ ಕುಷ್ಟಗಿ, ಇಳಕಲ್ ಕಡೆಯಿಂದ ಇತ್ತ ಬರುವವರಿದ್ದರೆ ದಯವಿಟ್ಟು ಉಟ್ಟು ಹಳತಾದ ಒಂದು ಇಳಕಲ್ ಸೀರೆ ತನ್ನಿ. ಸೂಟ್‌ಕೇಸಿನಲ್ಲಿ ಜಾಗ ಸಾಲದಿದ್ದರೆ ಶೇಂಗಾ ಚಟ್ನಿ ಬಿಡಿ, ಅದು ನಮ್ಮಲ್ಲಿ ಇನ್ನೂ ಐತಿ.