ಪಾಯಕ್ಕೆ ಚಿನ್ನ, ಗೋಡೆಗೆ ನೀರಿಲ್ಲ

ಕೋಲಾರದ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನಲ್ಲಿ ನೂರಿಪ್ಪತ್ತು ವರ್ಷ ನೆಲ ಅಗೆದು ಸುಮಾರು 800 ಟನ್ ಚಿನ್ನ ತೆಗೆದರು. 2001ರ ಫೆಬ್ರವರಿ 28ಕ್ಕೆ ಗಣಿಗೆ ಬೀಗ ಬಿತ್ತು. ಅಲ್ಲಿಂದೀಚೆಗೆ ಈ ಭಾಗದ ನೆಲಕ್ಕೂ ಚಿನ್ನಕ್ಕೂ ಉಳಿದಿರುವ ವ್ಯವಹಾರ ಒಂದೇ. ಮನೆ ಕಟ್ಟುವವರು ಗುದ್ದಲಿ ಪೂಜೆಯ ದಿನ ಈಶಾನ್ಯದ ಗುಂಡಿಗೆ ನವಧಾನ್ಯ, ಪಂಚಲೋಹದ ಜೊತೆ ಒಂದು ಚೂರು ಚಿನ್ನ ಹಾಕುತ್ತಾರೆ. ಗಣಿ ಕಂಪನಿ ಎತ್ತಿಕೊಂಡು ಹೋದದ್ದನ್ನು ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆಯ ಮಧ್ಯಮ ವರ್ಗ ಹೀಗೆ ಕಂತಿನಲ್ಲಿ ವಾಪಸ್ ಕಟ್ಟುತ್ತಿದೆ. ಪುರೋಹಿತರ ಎದುರು ಹಾಕಿದ ಚಿನ್ನ ಮರುದಿನ ಸೈಜುಗಲ್ಲು ಕೂರಿಸುವ ಹೊತ್ತಿಗೂ ಅಲ್ಲೇ ಇತ್ತೇ ಎಂದು ಕೇಳಬಾರದು. ಅದು ನಂಬಿಕೆಯ ವಿಷಯ.

ಆ ಗುಂಡಿಯ ಮಣ್ಣು ಎಂಥದು ಎಂದೂ ಯಾರೂ ಕೇಳುವುದಿಲ್ಲ. ಅದು ಯಾರ ನಂಬಿಕೆಗೂ ಸೇರಿದ್ದಲ್ಲ. ಲೇಔಟ್ ಆಗುವ ಮೊದಲು ಆ ಜಾಗ ರಾಗಿ ಹೊಲವಾಗಿತ್ತೋ, ಕೆರೆಯ ಅಂಗಳವಾಗಿತ್ತೋ, ಕಲ್ಲು ತೆಗೆದು ಕಸ ತುಂಬಿದ ಹಳ್ಳವಾಗಿತ್ತೋ ಎಂದು ಊರಿನ ಹಿರಿಯರೊಬ್ಬರನ್ನು ವಿಚಾರಿಸಲು ಒಂದು ಲೋಟ ಚಹಾದ ಖರ್ಚು. ಅದನ್ನು ಉಳಿಸಿ, ವಾಸ್ತು ಪಂಡಿತರನ್ನು ಕರೆಸುತ್ತೇವೆ. ಅವರು ಬಂದು ಶೌಚಾಲಯವನ್ನು ನೈಋತ್ಯದಿಂದ ವಾಯವ್ಯಕ್ಕೆ, ಅಲ್ಲಿಂದ ಮೆಟ್ಟಿಲ ಕೆಳಕ್ಕೆ ಸರಿಸುತ್ತಾರೆ. ಈಶಾನ್ಯದಲ್ಲಿ ಸಂಪು ಇರಲೇಬೇಕು ಎನ್ನುತ್ತಾರೆ. ಸೈಟಿನ ಇಳಿಜಾರು ನಿಜಕ್ಕೂ ಯಾವ ಕಡೆಗಿದೆ ಎಂದು ಯಾರೂ ನೋಡುವುದಿಲ್ಲವಾದ್ದರಿಂದ ಅದನ್ನು ಮೊದಲ ಮಳೆ ತೋರಿಸಿಕೊಡುತ್ತದೆ.

ಈ ಊರಿನ ಮಟ್ಟಿಗೆ ನೆಲದ ಬಗೆಗಿನ ಈ ಉದಾಸೀನ ವಿಚಿತ್ರವೇ. ನೆಲದಡಿಯ ಬಂಡೆ ಯಾವಾಗ ಸಿಡಿದೀತು ಎಂದು ಉಪಕರಣ ಇಟ್ಟು ಕಿವಿಗೊಟ್ಟವರು ಇಲ್ಲಿನವರು. ಬಂಡೆಗಳ ವರ್ತನೆಯನ್ನು ಅಧ್ಯಯನ ಮಾಡಲೆಂದೇ 1988ರಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ ಹುಟ್ಟಿದ್ದು ಕೆಜಿಎಫ್‌ನಲ್ಲಿ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ತಲೆಯ ಮೇಲಿನ ಬಂಡೆ ಕುಸಿಯದಂತೆ ಮರದ ದಿಮ್ಮಿ, ಗ್ರಾನೈಟ್ ಗೋಡೆ, ಕಾಂಕ್ರೀಟ್ ಕೊಟ್ಟು ನಿಲ್ಲಿಸಿದವರ ಮೊಮ್ಮಕ್ಕಳು ಇವತ್ತು ಮೂರೂವರೆ ಅಡಿ ಪಾಯ ತೆಗೆಯುವಾಗ, ‘ಇಷ್ಟು ಆಳ ಯಾಕೆ ಬೇಕು, ದುಡ್ಡು ಮಣ್ಣಿಗೆ ಹಾಕಿದಂಗೆ ಆಗುತ್ತೆ’ ಎನ್ನುತ್ತಾರೆ.

ಕಂಪನಿಯ ಲೆಕ್ಕಾಚಾರ ಬೇರೆ ಇತ್ತು ಬಿಡಿ. 1880ರಲ್ಲಿ ಕೆಲಸಕ್ಕೆ ಕೈಹಾಕಿದ ಜಾನ್ ಟೇಲರ್ ಅಂಡ್ ಸನ್ಸ್‌ನವರು ದುಡ್ಡನ್ನೆಲ್ಲ ನೆಲದಡಿಗೆ ಹಾಕಿದರು. ನೆಲದ ಮೇಲೆ ದೊರೆಗಳಿಗೆ ಅಗ್ಗಿಷ್ಟಿಕೆ ಇರುವ ಬಂಗಲೆ, ಕೂಲಿಯವರಿಗೆ ಬಿದಿರ ತಟ್ಟಿಯ ಗುಡಿಸಲು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂದದ್ದು, ಬೆಂಗಳೂರಿಗಿಂತ ಮೊದಲೇ ಬಂದದ್ದು, ಗಣಿಯ ಯಂತ್ರಗಳಿಗೆ. ತಟ್ಟಿ ಮನೆಯವರು ದೀಪಕ್ಕೆ ಇನ್ನೂ ಎಷ್ಟೋ ವರ್ಷ ಕಾದರು. ಆ ತಟ್ಟಿಗಳೇ ಮುಂದೆ ಲೈನ್ ಮನೆಗಳಾದವು. ಗಣಿ ಮುಚ್ಚಿ ಎರಡು ದಶಕ ದಾಟಿದ ಮೇಲೂ ಆ ಲೈನ್ ಮನೆಗಳ ಹಕ್ಕುಪತ್ರದ ಮಾತು ಚುನಾವಣೆ ಹತ್ತಿರವಾದಾಗ ಮೇಲೇಳುತ್ತದೆ, ಫಲಿತಾಂಶದ ದಿನ ಮಲಗುತ್ತದೆ. ಹೀಗಾಗಿ ಇಲ್ಲಿ ಮೂರು ತಲೆಮಾರು ಒಂದೇ ಸೂರಿನಡಿ ಬಾಳಿ, ಆ ಮನೆ ತಮ್ಮದೇ ಎಂದು ಹೇಳಲು ಅಳುಕುವವರಿದ್ದಾರೆ. ನೋಡದೇ ಇದ್ದ ಸೈಟನ್ನು ಬ್ರೋಷರಿನ ಮೇಲೆ ಬೆರಳಿಟ್ಟು ‘ಇದು ನಮ್ಮದು’ ಎನ್ನುವವರೂ ಇದ್ದಾರೆ.

ಬ್ರೋಷರುಗಳ ಮಾತು ಬಂತು. ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ, ಬೇತಮಂಗಲದ ಕಡೆ ಚೆನ್ನೈ ಎಕ್ಸ್‌ಪ್ರೆಸ್‌ವೇ ಹಾಸಿಕೊಂಡ ಮೇಲೆ ಇಲ್ಲಿನ ದೂರವನ್ನು ಯಾರೂ ಕಿಲೋಮೀಟರಿನಲ್ಲಿ ಹೇಳುವುದಿಲ್ಲ, ನಿಮಿಷದಲ್ಲಿ ಹೇಳುತ್ತಾರೆ. ಎಲ್ಲ ಲೇಔಟೂ ಬೆಂಗಳೂರಿಗೆ ನಲವತ್ತೈದು ನಿಮಿಷ. ಸೈಟಿನಿಂದ ಎಕ್ಸ್‌ಪ್ರೆಸ್‌ವೇ ಹತ್ತುವ ಜಾಗಕ್ಕೆ ಎಷ್ಟು ಹೊತ್ತು ಎಂಬುದನ್ನು ಖರೀದಿದಾರರ ವಿವೇಚನೆಗೆ ಬಿಟ್ಟಿರುತ್ತಾರೆ. ಹಿಂದೆ ದೊರೆಗಳ ಹೆಸರಿಟ್ಟರು: ಬೌರಿಂಗ್‌ಪೇಟೆ, ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ. ಬೌರಿಂಗ್ ಹೋಗಿ ಬಂಗಾರ ಬಂತು. ಈಗಿನ ಲೇಔಟುಗಳಲ್ಲಿ ಗೋಲ್ಡು ಎಂಬ ಶಬ್ದ ಇಲ್ಲದಿದ್ದರೆ ಅಡ್ವಾನ್ಸ್ ಹುಟ್ಟುವುದಿಲ್ಲ, 2018ರ ‘ಕೆಜಿಎಫ್’ ಸಿನಿಮಾ ಬಂದ ಮೇಲಂತೂ ಕೇಳುವುದೇ ಬೇಡ. ಆ ಗೋಲ್ಡಿನ ಒಳಗೆ ಭೂಪರಿವರ್ತನೆ ಆಗಿದೆಯೇ, ಯೋಜನೆಗೆ ಮಂಜೂರಾತಿ ಇದೆಯೇ, ಪಂಚಾಯಿತಿಯ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11 ಸಿಗುತ್ತದೆಯೇ ಎಂದು ಕೇಳಿದರೆ ಏಜೆಂಟರು ನೊಂದುಕೊಳ್ಳುತ್ತಾರೆ. ‘ಎಲ್ಲಾ ಪ್ರೊಸೆಸ್‌ನಲ್ಲಿದೆ ಸಾರ್.’ ಈ ಪ್ರೊಸೆಸ್‌ನ ಒಳಗೆ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸಿದ್ದನ್ನು ಕಂಡಿದ್ದೇನೆ.

ಇನ್ನು ಮನೆ ಕಟ್ಟಿಸುವ ಯಜಮಾನರು. ಬೆಳಗಿನ ಜಾವ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಹೋದರೆ ರಾತ್ರಿ ವಾಪಸ್. ತಮ್ಮ ಮನೆಯ ಗೋಡೆಯನ್ನು ಹಗಲಿನಲ್ಲಿ ಅವರು ನೋಡುವುದು ಭಾನುವಾರ ಮಾತ್ರ. ಭಾನುವಾರ ಮೇಸ್ತ್ರಿಗೆ ರಜ. ಮಿಕ್ಕ ಆರು ದಿನ ತಪಾಸಣೆ ನಡೆಯುವುದು ವಾಟ್ಸಾಪಿನಲ್ಲಿ. ಬಯ್ಯಪ್ಪನಹಳ್ಳಿ ಬರುವ ಹೊತ್ತಿಗೆ ಫೋಟೋ ಬಂದಿರುತ್ತದೆ. ಬಂದ ಫೋಟೋದಲ್ಲಿ ಗೋಡೆ ಸದಾ ಒದ್ದೆ. ಒಂದು ಕೊಡ ನೀರು ಎಷ್ಟು ಅಗಲಕ್ಕೆ ಎರಚಿದರೆ ಫೋಟೋದ ಚೌಕಟ್ಟು ತುಂಬುತ್ತದೆ ಎಂಬ ವಿದ್ಯೆಯಲ್ಲಿ ನಮ್ಮ ಮೇಸ್ತ್ರಿಗಳನ್ನು ಮೀರಿಸುವವರಿಲ್ಲ.

ನೀರೇ ಇಲ್ಲಿನ ಕಥೆಯ ಅಸಲು. ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆ ಎಂದೇ ಅರ್ಧ ಊರು ನಂಬಿದೆ. ಅದು ಗಟ್ಟಿಯಾಗುವುದು ನೀರು ಕುಡಿದು. ಸಿಮೆಂಟು ನೀರಿನೊಂದಿಗೆ ಬೆರೆತು ನಡೆಸುವ ರಸಾಯನ ಕ್ರಿಯೆ ಮುಗಿಯುವ ಮೊದಲೇ ಬಿಸಿಲು ನೀರು ಹೀರಿಕೊಂಡರೆ ಉಳಿಯುವುದು ಸಿಮೆಂಟು ಬಣ್ಣದ ಪುಡಿ. ನಮ್ಮಂಥ ಒಣ ಸೀಮೆಯಲ್ಲಿ ಕನಿಷ್ಠ 10 ದಿನ, ಬೂದಿ ಬೆರೆತ ಪಿಪಿಸಿ ಸಿಮೆಂಟಾದರೆ 14 ದಿನ ಒದ್ದೆಯಾಗಿ ಇಡಬೇಕು ಎಂದು ಭಾರತೀಯ ಮಾನಕ ಸಂಸ್ಥೆಯ ಸಂಹಿತೆ ಹೇಳುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಯಲ್ಲಿ ಇದನ್ನು ಓದಿದರೆ ಪುರಾಣ ಕೇಳಿದಂತಾಗುತ್ತದೆ. ಬೋರು ಸಾವಿರ ಅಡಿ ದಾಟಿದರೂ ದೂಳು, ಟ್ಯಾಂಕರಿನವನು ಫೋನ್ ಎತ್ತುವುದಿಲ್ಲ. ಅತ್ತ ಪಂಪು ನಿಂತ ಮೇಲೆ ಗಣಿಯ ಸುರಂಗಗಳೆಲ್ಲ ತುಂಬಿ ನಿಂತಿವೆ. ಕಾಲಡಿಯಲ್ಲಿ ಅಷ್ಟು ನೀರಿಟ್ಟುಕೊಂಡು ಟ್ಯಾಂಕರಿಗೆ ಕಾಯುವ ಭಾಗ್ಯ ಬೇರೆ ಊರಿಗಿಲ್ಲ.

ಎರಚಲು ನೀರಿಲ್ಲದ ಇದೇ ಸೈಟಿನಲ್ಲಿ, ಕಲಸುವಾಗ ಮಾತ್ರ ನೀರಿಗೆ ಬರವಿಲ್ಲ. ಮೋಲ್ಡು, ಅಂದರೆ ಛಾವಣಿಯ ಕಾಂಕ್ರೀಟು, ಹಾಕುವ ದಿನ ಬಂದು ನೋಡಿ. ಬೆಳಗ್ಗೆ ಏಳಕ್ಕೆ ಮಿಕ್ಸರ್ ಗುಡುಗಲು ಶುರು. 50 ಕಿಲೋದ ಒಂದು ಮೂಟೆ ಸಿಮೆಂಟಿಗೆ 25 ಲೀಟರ್ ಆಸುಪಾಸು ನೀರು ಸಾಕು. ಆದರೆ ಗಟ್ಟಿ ಕಾಂಕ್ರೀಟನ್ನು ಎಳೆದು ಹರಡಲು ರಟ್ಟೆ ನೋಯುತ್ತದೆ, ಪಾಯಸದ ಹದಕ್ಕೆ ತಂದರೆ ತಾನೇ ಹರಿದು ಮೂಲೆ ಸೇರುತ್ತದೆ. ಕೊಳವೆಯನ್ನು ಮಿಕ್ಸರಿನ ಬಾಯಿಗೆ ಇಟ್ಟವನು ಬೀಡಿ ಹಚ್ಚಿಕೊಂಡು ಬರುವವರೆಗೂ ತೆಗೆಯುವುದಿಲ್ಲ. ಹೆಚ್ಚಾದ ಆ ನೀರು ಆಮೇಲೆ ಆರಿಹೋಗಿ, ತಾನಿದ್ದ ಜಾಗವನ್ನು ಸಣ್ಣ ರಂಧ್ರಗಳಾಗಿ ಬಿಟ್ಟುಹೋಗುತ್ತದೆ. ಮುಂದಿನ ಮಳೆಗಾಲದ ನೀರಿಗೆ ದಾರಿ ತಯಾರು.

ಅದೇ ಹೊತ್ತಿಗೆ ಕಂಬಿಯ ಜಾಲರಿಯ ಕೆಳಗೆ ಬಗ್ಗಿ ನೋಡಿ. ಕಂಬಿಗೂ ಹಲಗೆಗೂ ನಡುವೆ 20 ಮಿಲಿಮೀಟರ್ ಬಿಡಲು ಕವರ್ ಬ್ಲಾಕ್ ಇಡಬೇಕು. ನೀವು ತಂದುಕೊಟ್ಟ ಕವರ್ ಬ್ಲಾಕ್‌ಗಳ ಚೀಲ ಮೆಟ್ಟಿಲ ಕೆಳಗೆ ಬಿಚ್ಚದೆ ಕೂತಿರುತ್ತದೆ. ಕೇಳಿದರೆ ಮೇಸ್ತ್ರಿ ಪಕ್ಕದಲ್ಲಿ ಬಿದ್ದ ಜಲ್ಲಿಯ ಒಂದು ಚೂರನ್ನು ಕಂಬಿಯಡಿಗೆ ಬೆರಳಿನಿಂದ ತಳ್ಳಿ, ‘ಆಯ್ತು ನೋಡಿ ಸಾರ್’ ಎನ್ನುತ್ತಾನೆ. ಅವನ ಹುಡುಗ ಅದರ ಮೇಲೇ ಕಾಲಿಟ್ಟು ದಾಟುತ್ತಾನೆ, ಚೂರು ಹಾರಿಹೋಗುತ್ತದೆ. ಯಜಮಾನರು ಆ ಹೊತ್ತಿನಲ್ಲಿ ಎಲ್ಲಿರುತ್ತಾರೆ ಎಂದರೆ, ಕೆಲಸದವರಿಗೆ ಮಧ್ಯಾಹ್ನದ ಬಿರಿಯಾನಿ ಎಲ್ಲಿಯವರೆಗೆ ಬಂತು ಎಂದು ಫೋನಿನಲ್ಲಿ. ಬಿರಿಯಾನಿ ತಡವಾದರೆ ಮೋಲ್ಡು ಅರ್ಧಕ್ಕೆ ನಿಲ್ಲುತ್ತದೆ ಎಂಬುದನ್ನು ಅವರಿಗೆ ಮೊದಲೇ ಹೇಳಿರುತ್ತಾರೆ. ಕವರ್ ಬ್ಲಾಕ್ ವಿಷಯ ಯಾರೂ ಹೇಳಿರುವುದಿಲ್ಲ.

ಮರಳಿನದು ಇನ್ನೊಂದು ಅಧ್ಯಾಯ. ಪಾಲಾರ್ ಪಾತ್ರ ಬರಿದಾದ ಮೇಲೆ ಈ ಜಿಲ್ಲೆ ಫಿಲ್ಟರ್ ಮರಳು ಎಂಬ ಪದಾರ್ಥವನ್ನು ಕಂಡುಕೊಂಡಿತು. ಕೆರೆಯ ಮಣ್ಣನ್ನೋ ಹೊಲದ ಮಣ್ಣನ್ನೋ ತೊಳೆದು, ಕುಡಿಯಲು ಸಿಗದ ನೀರಿನಲ್ಲಿ ತೊಳೆದು, ಉಳಿದ ಹರಳನ್ನು ರಾತ್ರೋರಾತ್ರಿ ಲಾರಿಗೆ ತುಂಬುವುದು. ಇದನ್ನು ಕಂಡುಹಿಡಿಯಲು ಪ್ರಯೋಗಾಲಯ ಬೇಡ. ಗಾಜಿನ ಬಾಟಲಿಗೆ ಅರ್ಧ ಮರಳು, ಮೇಲೆ ನೀರು ಹಾಕಿ ಕುಲುಕಿ ಕೆಲವು ಗಂಟೆ ಬಿಡಿ. ಮರಳು ತಳಕ್ಕೆ ಕೂತು, ಅದರ ಮೇಲೆ ಕೆಂಪು ಕೆಸರಿನ ಪದರ ಗೆರೆ ಎಳೆದ ಹಾಗೆ ನಿಲ್ಲುತ್ತದೆ. ಮರಳಿನ ಮಟ್ಟದ ನೂರರಲ್ಲಿ ಎಂಟು ಪಾಲಿಗಿಂತ ಆ ಪದರ ದಪ್ಪವಿದ್ದರೆ ಲಾರಿಯನ್ನು ಬಂದ ದಾರಿಯಲ್ಲೇ ಕಳಿಸಬೇಕು. ನಮ್ಮ ಬೀದಿಯಲ್ಲಿ ಒಬ್ಬರು ಹೀಗೆ ಬಾಟಲಿ ಹಿಡಿದು ನಿಂತರು. ಮೇಸ್ತ್ರಿ ಬಾಟಲಿಯನ್ನು ಬೆಳಕಿಗೆ ಹಿಡಿದು ಮೆಚ್ಚುಗೆಯಿಂದಲೇ ನೋಡಿದ. ‘ಮಣ್ಣು ಇದ್ರೆ ಒಳ್ಳೇದು ಸಾರ್, ಗೋಡೆ ಹಿಡ್ಕೊಂತದೆ.’ ಎಂ-ಸ್ಯಾಂಡ್ ಬಂದ ಮೇಲೆ ಈ ಸಮಸ್ಯೆ ತೀರಿತು ಎಂದುಕೊಂಡವರು ಜಲ್ಲಿ ಕ್ರಷರಿನ ಪುಡಿಯನ್ನೇ ಎಂ-ಸ್ಯಾಂಡ್ ಎಂದು ಕೊಳ್ಳುತ್ತಿದ್ದಾರೆ. ಪುಡಿಯ ಮಾತು ಬಂದರೆ, ಗಣಿ ತ್ಯಾಜ್ಯ ಸುರಿದ ಸೈನೈಡ್ ದಿಬ್ಬಗಳ ಪುಡಿಯಿಂದ ಇಟ್ಟಿಗೆ ಮಾಡಲಾದೀತೇ ಎಂದು ಇಲ್ಲಿನ ವಿಜ್ಞಾನಿಗಳು ಪರೀಕ್ಷೆ ನಡೆಸಿದ್ದುಂಟು. ಗಾಳಿ ಬೀಸುವ ತಿಂಗಳಲ್ಲಿ ಆ ಪುಡಿ ಯಾವ ಟೆಂಡರೂ ಇಲ್ಲದೆ ಮನೆಮನೆಗೆ ಉಚಿತವಾಗಿ ಸರಬರಾಜಾಗುತ್ತದೆ.

ಗೋಡೆ ಎದ್ದ ಮೇಲೆ ಬಿರುಕು ಬರುತ್ತದೆ. ಇದಕ್ಕೆ ನಮ್ಮಲ್ಲಿ ಸ್ಥಳಕ್ಕೆ ತಕ್ಕ ಕಾರಣ ಸಿದ್ಧವಿದೆ. ಆಂಡರ್ಸನ್‌ಪೇಟೆಯಲ್ಲಾದರೆ ಗಣಿ ಅದುರಿತು, ಬಂಗಾರಪೇಟೆಯಲ್ಲಾದರೆ ರೈಲು, ಎರಡೂ ಇಲ್ಲದ ಕಡೆ ಪಕ್ಕದವರ ಬೋರ್‌ವೆಲ್. ಗಣಿ ನಡೆಯುತ್ತಿದ್ದ ಕಾಲದಲ್ಲಿ ಬಂಡೆ ಸಿಡಿದು ಮೇಲಿನ ಮನೆಗಳು ಬಿರುಕು ಬಿಟ್ಟದ್ದು ನಿಜ, ಮುಚ್ಚಿದ ಸುರಂಗಕ್ಕೆ ನೀರು ತುಂಬುವಾಗ ನೆಲ ಅದುರಿದ್ದೂ ದಾಖಲಾಗಿದೆ. ಆದರೆ ಕಿಟಕಿಯ ಮೂಲೆಯಿಂದಲೇ ಓರೆಯಾಗಿ ಹೊರಡುವ, ಲಿಂಟಲನ್ನು ಗೋಡೆಯೊಳಕ್ಕೆ ನಾಲ್ಕು ಬೆರಳು ಮಾತ್ರ ಕೂರಿಸಿದ ಕಡೆ ತಪ್ಪದೆ ಕಾಣಿಸಿಕೊಳ್ಳುವ ಬಿರುಕಿಗೆ ಚಾಂಪಿಯನ್ ರೀಫ್ ಏನು ಮಾಡೀತು, ಪಾಪ.

ಕಾಣದ್ದರಲ್ಲಿ ಉಳಿಸಿದ್ದನ್ನೆಲ್ಲ ಕಾಣುವುದಕ್ಕೆ ಸುರಿಯುವ ಘಟ್ಟ ಆಮೇಲಿನದು. ಎಲಿವೇಷನ್! ಮೂರು ಬಣ್ಣ, ಅಂಟಿಸಿದ ಕಲ್ಲು, ಲೇಸರಿನಲ್ಲಿ ಕತ್ತರಿಸಿದ ಗೇಟು, ಗೇಟಿನ ಮೇಲೆ ಎರಡು ಸಿಂಹ. ಕಾರಿನ ಇಳಿಜಾರು ಮೋರಿಯನ್ನು ದಾಟಿ ರಸ್ತೆಗೆ ನಾಲಿಗೆ ಚಾಚಿರುತ್ತದೆ. ನಕ್ಷೆಯಲ್ಲಿ ಗಾಳಿಬೆಳಕಿಗೆಂದು ಬಿಟ್ಟ ಮೂರಡಿಯಲ್ಲಿ ಮೆಟ್ಟಿಲು ಹತ್ತಿರುತ್ತದೆ. ಮಾಡಿಯ ಮಳೆನೀರಿನ ಕೊಳವೆ ನೇರ ಬೀದಿಗೆ. ಇಲ್ಲಿ ವರ್ಷಕ್ಕೆ 700 ಮಿಲಿಮೀಟರ್ ಮಳೆ ಎಂದು ಹಿಡಿದರೂ ಹತ್ತು ಚದರದ ಮಾಡಿಯ ಮೇಲೆ 65 ಸಾವಿರ ಲೀಟರ್ ಬೀಳುತ್ತದೆ, ಅಂದರೆ 5 ಸಾವಿರ ಲೀಟರಿನ 13 ಟ್ಯಾಂಕರು. ಅಷ್ಟನ್ನೂ ಪಕ್ಕದವರ ಗೇಟಿನ ಮುಂದೆ ಹರಿಯಬಿಟ್ಟು, ಮಾರ್ಚ್‌ನಲ್ಲಿ ಹದಿಮೂರು ಸಲ ಟ್ಯಾಂಕರಿನವನಿಗೆ ಫೋನ್ ಮಾಡುತ್ತೇವೆ. ಎಲ್ಲಕ್ಕೂ ರಕ್ಷಣೆಗೆ ಬೂದುಗುಂಬಳ, ಮೀಸೆ ಹೊತ್ತ ದೃಷ್ಟಿಬೊಂಬೆ.

ಗೃಹಪ್ರವೇಶಕ್ಕೆ ಎರಡು ದಿನ ಇರುವಾಗ ಮೇಸ್ತ್ರಿ ‘ಎಕ್ಸ್‌ಟ್ರಾ ವರ್ಕ್’ ಚೀಟಿ ತರುತ್ತಾನೆ. ಚದರಕ್ಕೆ ಇಷ್ಟು ಎಂದು ಮಾತಾಡಿದ್ದರಲ್ಲಿ ಸಜ್ಜಾ ಸೇರಿಲ್ಲ, ಸಂಪು ಸೇರಿಲ್ಲ, ಲಾಫ್ಟು ಸೇರಿಲ್ಲ, ವಾಸ್ತುವಿಗಾಗಿ ಒಡೆದು ಕಟ್ಟಿದ ಶೌಚಾಲಯದ ಗೋಡೆ ಎರಡು ಸಲ ಸೇರಿದೆ. ಕರಾರುಪತ್ರ ಎಲ್ಲಿದೆ? ‘ನಮ್ಮ ನಿಮ್ಮ ಮಧ್ಯೆ ಪತ್ರ ಯಾಕೆ ಸಾರ್’ ಎಂದು ಮೊದಲ ದಿನ ಅವನು ಅಂದಾಗ ಕಣ್ಣಲ್ಲಿ ನೀರು ತಂದುಕೊಂಡವರು ಇವರೇ. ಜಗಳವಾಗುತ್ತದೆ, ಮೂವರ ಪಂಚಾಯಿತಿ ಆಗುತ್ತದೆ, ಕನ್ನಡದಲ್ಲಿ ಶುರುವಾದ ಬೈಗುಳ ತೆಲುಗು ದಾಟಿ ತಮಿಳಿನಲ್ಲಿ ಮುಗಿಯುತ್ತದೆ. ಹಣ ಕೊಡುತ್ತಾರೆ.

ಗೃಹಪ್ರವೇಶದ ದಿನ ಹೋಳಿಗೆ ಬಡಿಸುವಾಗ ಮಾಲೂರಿನಿಂದ ಬಂದ ಷಡ್ಡಕ ಗೋಡೆಯನ್ನು ಕೈಯಿಂದ ಸವರಿ, ತಮ್ಮದೂ ಸೈಟಿದೆ, ಶ್ರಾವಣಕ್ಕೆ ಶುರು ಮಾಡಬೇಕು, ಯಾರು ಕಟ್ಟಿದ್ದು ಎಂದು ಕೇಳುತ್ತಾರೆ. ಯಜಮಾನರು ಪಂಚೆ ಸರಿಮಾಡಿಕೊಂಡು ಫೋನ್ ತೆಗೆದು ನಂಬರು ಕಳಿಸುತ್ತಾರೆ. ‘ಒಳ್ಳೆ ಮನುಷ್ಯ. ಸ್ವಲ್ಪ ಮೇಲೆ ನಿಂತು ಮಾಡಿಸ್ಕೋಬೇಕು, ಅಷ್ಟೆ.’