ಹಳೇ ಟರ್ನ್‌ಟೇಬಲ್‌ಗೆ ಹೊಸ ಸೂಜಿ: ಬೆಂಗಳೂರಿನ ಮೇಖ್ರಿ ಸರ್ಕಲ್ಲಿನಿಂದ ಉತ್ತರದ ಗ್ರಾಹಕರಿಗೆ ಬಳಕೆಯ ಕೈಪಿಡಿ



ಅಟ್ಟದಿಂದ ಟರ್ನ್‌ಟೇಬಲ್ ಇಳಿಸಿದ್ದಕ್ಕೆ ಅಭಿನಂದನೆಗಳು. ಅದನ್ನು ತಾತ ಇಂಗ್ಲೆಂಡಿನಿಂದ ಹಡಗಿನಲ್ಲಿ ತಂದರೋ, ಬಿಇಎಲ್‌ನಲ್ಲಿದ್ದ ದೊಡ್ಡಪ್ಪ ನಿವೃತ್ತಿಯ ದುಡ್ಡಿನಲ್ಲಿ ಕೊಂಡರೋ, ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ನೀವೇ ಚೌಕಾಸಿ ಮಾಡಿ ಹೊತ್ತು ತಂದಿರೋ, ಅದು ಈ ಕೈಪಿಡಿಗೆ ಸಂಬಂಧಪಡದ ವಿಷಯ. ತಟ್ಟೆ ತಿರುಗುತ್ತಿದೆ, ಹಾಡು ಮಾತ್ರ ಬರುತ್ತಿಲ್ಲ ಎಂದುಕೊಂಡು ಮುಂದುವರಿಯುತ್ತೇವೆ.

ಕೊಳ್ಳುವ ಮುನ್ನ

ಈ ಭಾಗವನ್ನು ಗ್ರಾಹಕರು ಕೊಂಡ ಮೇಲೆ ಓದುವುದು ವಾಡಿಕೆ. ಆಗಲಿ.

ಸೂಜಿಯನ್ನು ಹೊತ್ತ ಕಾರ್ಟ್ರಿಡ್ಜ್ ಎಷ್ಟು ದುಬಾರಿ ಎಂದು ಅದನ್ನು ಹಿಡಿದಿರುವ ಟೋನ್‌ಆರ್ಮ್ ಕೇಳುವುದಿಲ್ಲ. ಎಷ್ಟು ಭಾರ, ಸೂಜಿಯ ತಳದ ರಬ್ಬರು ಎಷ್ಟು ಮೆತ್ತಗೆ, ಇವೆರಡನ್ನೇ ಕೇಳುತ್ತದೆ. ಈ ಮೆತ್ತಗಿನ ಲೆಕ್ಕಕ್ಕೆ ಕಂಪ್ಲಯನ್ಸ್ ಎನ್ನುತ್ತಾರೆ, ಡಬ್ಬಿಯ ಮೇಲೆ ಅಚ್ಚಾಗಿರುತ್ತದೆ. ಆರ್ಮಿನ ಎಫೆಕ್ಟಿವ್ ಮಾಸ್ (ಸೂಜಿಯ ತುದಿಗೆ ಅನಿಸುವ ಭಾರ), ಕಾರ್ಟ್ರಿಡ್ಜ್, ಎರಡು ಸ್ಕ್ರೂ, ಮೂರನ್ನೂ ಗ್ರಾಮಿನಲ್ಲಿ ಕೂಡಿ. ಕಂಪ್ಲಯನ್ಸ್‌ನಿಂದ ಗುಣಿಸಿ. ವರ್ಗಮೂಲ ತೆಗೆಯಿರಿ. ಅದರಿಂದ 159ನ್ನು ಭಾಗಿಸಿ. ಬಂದ ಉತ್ತರ 8ರಿಂದ 12 ಹರ್ಟ್ಸ್ ನಡುವೆ ಇದ್ದರೆ ಅಂಗಡಿಯವನಿಗೆ ದುಡ್ಡು ಕೊಡಿ. ಇಲ್ಲದಿದ್ದರೆ ಕಾಫಿ ಕುಡಿದು ಮನೆಗೆ ಬನ್ನಿ.

ಎಂಟು–ಹನ್ನೆರಡೇ ಯಾಕೆ? ಆರ್ಮು, ಕಾರ್ಟ್ರಿಡ್ಜು, ರಬ್ಬರು ಸೇರಿದರೆ ಅದಕ್ಕೆ ತನ್ನದೇ ಒಂದು ತೂಗಾಟವಿರುತ್ತದೆ. ಡೊಂಕಾದ ರೆಕಾರ್ಡಿನ ಏರಿಳಿತ, ಮನೆಯವರ ಓಡಾಟ ಎಲ್ಲ ಎಂಟಕ್ಕಿಂತ ಕೆಳಗಿನ ಕಂಪನಗಳು. ಮೇಲಕ್ಕೆ ಹೋದರೆ ಇಪ್ಪತ್ತು ಹರ್ಟ್ಸ್‌ಗೆಲ್ಲ ಸಂಗೀತವೇ ಶುರು. ನಡುವಿನ ಖಾಲಿ ಜಾಗದಲ್ಲಿ ತೂಗಾಡಿದರೆ ಯಾರಿಗೂ ತೊಂದರೆಯಿಲ್ಲ.

ಟೆಕ್ನಿಕ್ಸ್ ಎಸ್ಎಲ್-1200ರ ಆರ್ಮು 12 ಗ್ರಾಂ. ಅದಕ್ಕೆ ಆರ್ಟೊಫಾನ್ 2ಎಂ ರೆಡ್ 7.2 ಗ್ರಾಂ, ಸ್ಕ್ರೂ 0.8 ಸೇರಿ 20. ಕಂಪ್ಲಯನ್ಸೂ 20. ಗುಣಿಸಿದರೆ 400, ಮೂಲ 20, ಉತ್ತರ ಹೆಚ್ಚು ಕಡಿಮೆ 8. ಅಂಚಿನಲ್ಲಿ ಪಾಸು. ಈಗ 20 ಗ್ರಾಂನ ಗಟ್ಟಿ ಆರ್ಮಿಗೆ, 6 ಗ್ರಾಂ ತೂಗುವ, ಕಂಪ್ಲಯನ್ಸ್ 30ರ ಎಪ್ಪತ್ತರ ದಶಕದ ನಾಜೂಕು ಕಾರ್ಟ್ರಿಡ್ಜ್ ಹಾಕಿ ನೋಡಿ: ಸ್ಕ್ರೂ ಬಿಟ್ಟೇ 5.7. ಸ್ಪೀಕರಿನ ಜಾಲರಿ ತೆಗೆದು ಕೂತರೆ ವೂಫರ್ ಕೋನು ಸದ್ದಿಲ್ಲದೆ ಒಳಗೆ ಹೊರಗೆ ಉಸಿರಾಡುವುದು ಕಾಣುತ್ತದೆ. ಆಂಪ್ಲಿಫೈಯರಿನ ಅರ್ಧ ಶಕ್ತಿ ಕೇಳಿಸದ ಆ ಕೆಲಸಕ್ಕೇ ಹೋಗುತ್ತಿರುತ್ತದೆ. ಮೂವತ್ತು ಸಾವಿರ ಕೊಟ್ಟವರು ಇದನ್ನು ‘ಬೇಸ್ ಚೆನ್ನಾಗಿದೆ’ ಎನ್ನುತ್ತಾರೆ.

ಇದರಲ್ಲೊಂದು ಜಪಾನೀ ಮೋಸವಿದೆ. ಮೋಸವೆಂದರೆ ಅನ್ಯಾಯವಾದೀತು, ಅಳೆಯುವ ಕ್ರಮ ಬೇರೆ. ಜಪಾನಿನವರು ಕಂಪ್ಲಯನ್ಸನ್ನು ಹೆಚ್ಚಾಗಿ 100 ಹರ್ಟ್ಸ್‌ನಲ್ಲಿ ಅಳೆಯುತ್ತಾರೆ, ನಮ್ಮ ಲೆಕ್ಕಕ್ಕೆ ಬೇಕಾದದ್ದು 10 ಹರ್ಟ್ಸ್‌ನದ್ದು. ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಗಾಗಿ ಅರವತ್ತರ ದಶಕದಲ್ಲಿ ಹುಟ್ಟಿ ಇವತ್ತಿಗೂ ತಯಾರಾಗುವ ಡೆನಾನ್ ಡಿಎಲ್-103ರ ಕಾಗದದಲ್ಲಿ 5 ಎಂದಿರುತ್ತದೆ. ಒಂದೂವರೆಯಿಂದ ಎರಡು ಪಟ್ಟು ಮಾಡಿಕೊಳ್ಳಿ. 9 ಗ್ರಾಂನ ಹಗುರ ಆರ್ಮಿಗೆ ಇದನ್ನು ಹಾಕಿ ಕಾಗದದ 5ನ್ನೇ ನಂಬಿದರೆ 16.5 ಹರ್ಟ್ಸ್ ಬಂದು ಎದೆ ಧಸಕ್ಕೆನ್ನುತ್ತದೆ. 9 ಎಂದು ಹಿಡಿದರೆ 12.3, ಸ್ವಲ್ಪ ಸಮಾಧಾನ.

ಉಳಿದ ಸಮಾಧಾನಕ್ಕೆ ಮೃದಂಗದವರನ್ನು ಕೇಳಿ. ಎಡಮುಖಕ್ಕೆ ಕಲಸಿದ ರವೆ ಮೆತ್ತಿ ನಾದ ಇಳಿಸುತ್ತಾರಲ್ಲ, ಅದೇ ಕೆಲಸ ಇಲ್ಲಿ: ಭಾರ ಹೆಚ್ಚಿದರೆ ಕಂಪನ ಇಳಿಯುತ್ತದೆ. (ಮೃದಂಗದ ಮುಚ್ಚಿಗೆಗೆ ಭಾರ ಹಚ್ಚಿದರೆ ಅಪಸ್ವರದ ಚರ್ಮ ಸುಸ್ವರವಾಗುವುದು ಹೇಗೆ ಎಂದು 1920ರಲ್ಲೇ ಬರೆದ ಸಿ.ವಿ. ರಾಮನ್ ಆಮೇಲೆ ಕಟ್ಟಿದ ಸಂಸ್ಥೆ ಮೇಖ್ರಿ ಸರ್ಕಲ್ಲಿನ ಪಕ್ಕದಲ್ಲೇ ಇದೆ. ಹೋಗಿ ತೊಂದರೆ ಕೊಡಬೇಡಿ.) ಹೆಡ್‌ಶೆಲ್ಲಿಗೂ (ಆರ್ಮಿನ ತುದಿಯ ಹಿಡಿಕೆ) ಕಾರ್ಟ್ರಿಡ್ಜಿಗೂ ನಡುವೆ 4 ಗ್ರಾಂನ ಹಿತ್ತಾಳೆ ತಗಡು ಕೊಟ್ಟರೆ 12.3 ಇದ್ದದ್ದು 11.2ಕ್ಕೆ ಇಳಿಯುತ್ತದೆ.

ನಾಣ್ಯ ಅಂಟಿಸಬೇಡಿ. ಹಳೇ ಎಚ್‌ಎಂವಿ ಫಿಯೆಸ್ಟಾದ ಕಾಲದಲ್ಲಿ ಸೂಜಿ ಜಿಗಿದರೆ ಆರ್ಮಿನ ಮೇಲೆ ನಾಲ್ಕಾಣೆ ಇಡುವುದು ಮನೆಮನೆಯ ವೈದ್ಯವಾಗಿತ್ತು. ನೀವು ಈಗ ಕೊಳ್ಳುವ ಸೆಕೆಂಡ್‌ಹ್ಯಾಂಡ್ ರೆಕಾರ್ಡುಗಳಲ್ಲಿ ಕೇಳುವ ಗರಗರ ಆ ವೈದ್ಯದ ಫಲ. ಅಲ್ಲದೆ ಈಗಿನ ನಾಣ್ಯ ಹೆಚ್ಚಾಗಿ ಉಕ್ಕಿನದು, ಕಾರ್ಟ್ರಿಡ್ಜಿನೊಳಗೆ ಇರುವುದು ಅಯಸ್ಕಾಂತ.

ಕೂರಿಸುವುದು

ಬೇಕಾಗುವವು: ಚಿಕ್ಕ ಸ್ಕ್ರೂಡ್ರೈವರ್, ಚಿಮಟ, ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಮತ್ತು ಮನೆಯಲ್ಲಿ ಬೇರೆ ಯಾರೂ ಇಲ್ಲದ ಒಂದು ಮಧ್ಯಾಹ್ನ. 1961ರಿಂದ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಗಡಿಯಾರ ಮಾಡಿದ ಊರಿನ ಭಾಗ ಇದು. ಆ ಕಾರ್ಖಾನೆಯಲ್ಲಿ ದುಡಿದ ಹಿರಿಯರು ಪಕ್ಕದ ಮನೆಯಲ್ಲಿದ್ದರೆ ಸ್ಕ್ರೂಡ್ರೈವರನ್ನು ಅವರ ಕೈಗೇ ಕೊಡಿ.

ಸ್ಕ್ರೂ ತೂತುಗಳ ನಡುವೆ ಅರ್ಧ ಇಂಚು, ಬಹುಪಾಲು ಕಂಪನಿಗಳದಕ್ಕೂ ಅಷ್ಟೇ. ನಾಲ್ಕು ತಂತಿ: ಬಿಳಿ ಮತ್ತು ನೀಲಿ ಎಡಕ್ಕೆ, ಕೆಂಪು ಮತ್ತು ಹಸಿರು ಬಲಕ್ಕೆ. ತಂತಿ ಕೂದಲಿನಷ್ಟು ಸಣ್ಣದು, ತುದಿಯ ಕ್ಲಿಪ್ಪು ಐವತ್ತು ವರ್ಷ ಹಳೆಯದು. ಚಿಮಟದಲ್ಲಿ ಕ್ಲಿಪ್ಪನ್ನು ಹಿಡಿದು ದೂಡಿ, ತಂತಿ ಹಿಡಿದು ಎಳೆಯಬೇಡಿ. ಕ್ಲಿಪ್ಪು ಕಿತ್ತು ಬಂದರೆ ಕಾರ್ಟ್ರಿಡ್ಜನ್ನು ಬಿಚ್ಚಿಟ್ಟು ಆಮೇಲೆ ಬೆಸುಗೆ ಹಾಕಿ. ಪಿನ್ನಿನ ಮೇಲೆಯೇ ಸಾಲ್ಡರಿಂಗ್ ಐರನ್ ಇಟ್ಟರೆ ಒಳಗಿನ ಕೂದಲೆಳೆಯ ಸುರುಳಿ ಹೊಗೆಯಿಲ್ಲದೆ ತೀರಿಕೊಳ್ಳುತ್ತದೆ.

ಎಸ್‌ಎಂಇ 3009 ಆರ್ಮು ನಿಮ್ಮಲ್ಲಿದ್ದರೆ ಹಿಂಬದಿಗೆ ಹೋಗಿ ನೋಡಿ. ಅಲ್ಲಿನ ರಬ್ಬರು ಸೋತು ಹಿಂದಿನ ಭಾರ ಜೋತುಬಿದ್ದಿರುತ್ತದೆ. ಮೊದಲು ಅದನ್ನು ಬದಲಿಸಿ, ಆಮೇಲೆ ಉಳಿದ ಮಾತು.

ಭಾರ

ಸೂಜಿ ರೆಕಾರ್ಡನ್ನು ಒತ್ತುವ ಭಾರ ಅಳೆಯಲು ಯಶವಂತಪುರದ ಯಾರ್ಡಿನಲ್ಲಿ ಈರುಳ್ಳಿ ತೂಗುವ ತಕ್ಕಡಿ ಬೇಡ, ಅಕ್ಕಸಾಲಿಗರ ಜೇಬಿನ ತಕ್ಕಡಿ ಸಾಕು, 0.01 ಗ್ರಾಂ ತೋರಿಸುವಂಥದ್ದು. ಆರ್ಮಿನ ಹಳೇ ಡಯಲ್ಲು ಹೇಳುವುದನ್ನು ಕೇಳಿಸಿಕೊಳ್ಳಿ, ನಂಬಬೇಡಿ. 2ಎಂ ರೆಡ್‌ಗೆ 1.8 ಗ್ರಾಂ, ಡಿಎಲ್-103ಕ್ಕೆ 2.5. ಭಾರ ಕಡಿಮೆಯಾದರೆ ರೆಕಾರ್ಡಿಗೆ ಒಳ್ಳೆಯದೆಂಬ ಕರುಣೆಯಲ್ಲಿ 1 ಗ್ರಾಂಗೆ ಇಳಿಸುವವರಿದ್ದಾರೆ. ಆಗ ಸೂಜಿ ಗೆರೆಯಲ್ಲಿ ಕೂರದೆ ಗೋಡೆಗೋಡೆಗೆ ಬಡಿಯುತ್ತ ಹೋಗುತ್ತದೆ. ಹೆಚ್ಚು ಭಾರಕ್ಕಿಂತ ಈ ಕರುಣೆಯೇ ಹೆಚ್ಚು ರೆಕಾರ್ಡುಗಳನ್ನು ಕೊಲ್ಲುತ್ತದೆಂಬುದು ಕೈಪಿಡಿಕಾರರ ದೃಢ ಅಭಿಪ್ರಾಯ.

ಕೋನ

ಗೆರೆ ಕೊರೆಯುವ ಯಂತ್ರದ ಸೂಜಿ ರೆಕಾರ್ಡಿನ ಮೇಲೆ ನೇರ ಗೆರೆಯಲ್ಲಿ ಸಾಗುತ್ತದೆ, ನಿಮ್ಮದು ಕಮಾನಿನಲ್ಲಿ. ಎರಡೇ ಕಡೆ ಇವೆರಡೂ ಸರಿಯಾಗಿ ಹೊಂದುತ್ತವೆ. ಆ ಎರಡು ಜಾಗ ಎಲ್ಲಿರಬೇಕೆಂದು 1938ರಲ್ಲಿ ಲೊಫ್‌ಗ್ರೆನ್, 1941ರಲ್ಲಿ ಬೇರ್ವಾಲ್ಡ್, 1966ರಲ್ಲಿ ಸ್ಟೀವನ್‌ಸನ್ ಲೆಕ್ಕ ಹಾಕಿದರು. ಬೇರ್ವಾಲ್ಡ್ ಪ್ರಕಾರ ನಡುವಿನಿಂದ 66 ಮತ್ತು 120.9 ಮಿ.ಮೀ. ಎಲ್ಪಿಗಳಿಗೆ ಇದು ಉತ್ತಮ. ಆದರೆ ನಿಮ್ಮ ಕಪಾಟಿನಲ್ಲಿರುವುದು ಬಹುಪಾಲು ಕನ್ನಡ ಸಿನಿಮಾದ ಏಳಿಂಚಿನ ಇಪಿಗಳು. ಅವುಗಳ ಗೆರೆ ನಡುವಿಗೆ ಇನ್ನೂ ಹತ್ತಿರ ಬಂದು ಮುಗಿಯುತ್ತದೆ, ಹಾಡಿನ ಕೊನೇ ಚರಣಕ್ಕೆ ಎಸ್. ಜಾನಕಿಯವರ ಸಕಾರ ಸೀಳಿ ‘ಷ್ಷ್’ ಆಗುವುದು ಅಲ್ಲೇ. ಇಪಿ ಜಾಸ್ತಿಯಿರುವವರು ಸ್ಟೀವನ್‌ಸನ್‌ಗೆ ಹೋಗಿ: 60.3 ಮತ್ತು 117.4. ಪರೀಕ್ಷೆಗೆ ‘ಸನಾದಿ ಅಪ್ಪಣ್ಣ’ (1977) ಒಳ್ಳೆಯದು. ಬಿಸ್ಮಿಲ್ಲಾ ಖಾನರ ಶಹನಾಯಿ ಅರ್ಧ ಡಿಗ್ರಿ ಸೊಟ್ಟನ್ನೂ ಕ್ಷಮಿಸುವುದಿಲ್ಲ.

78ರ ಅರಗಿನ ರೆಕಾರ್ಡುಗಳಿಗೆ ಈ ಸೂಜಿಯೇ ಬೇಡ. ಆ ಗೆರೆ ಸುಮಾರು ಮೂರು ಪಟ್ಟು ಅಗಲ, ಎಲ್ಪಿ ಸೂಜಿ ತಳದ ಧೂಳಿನಲ್ಲಿ ಉರುಳಾಡುತ್ತದೆ. ರಷ್ಯದ ಸಂಗೀತ ಸಂಯೋಜಕ ಮೆಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿ ಎಚ್‌ಎಂವಿಗೆ ಧ್ವನಿಮುದ್ರಿಸಲು 1940ರ ದಶಕದ ಕೊನೆಗೆ ಖರ್ಚು ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರು. 78ರ ಆ ಆಲ್ಬಂ ನಿಮಗೆ ಸಿಕ್ಕಿದ್ದರೆ ಕೈಪಿಡಿ ಮುಚ್ಚಿಟ್ಟು ಮೊದಲು ನಮಗೆ ತಿಳಿಸಿ.

ಇಡುವ ಜಾಗ

ಆರ್‌ಟಿ ನಗರದ ಹಳೇ ಮನೆಯ ನೆಲಮಹಡಿಯಾದರೆ ಪುಣ್ಯವಂತರು, ನೆಲ ನಡುಗುವುದಿಲ್ಲ. ಅಪಾರ್ಟ್‌ಮೆಂಟಿನವರು ಗೋಡೆಗೆ ಬ್ರಾಕೆಟ್ ಹೊಡೆದು, ಮೇಲೆ ಕಡಪ ಕಲ್ಲಿನ ಹಲಗೆ ಹಾಸಿ, ಅದರ ಮೇಲೆ ಇಡಿ. ಅಡುಗೆಮನೆ ರಿಪೇರಿಯಲ್ಲಿ ಉಳಿದ ತುಂಡೇ ಆದೀತು. ಸ್ಪೀಕರನ್ನು ಅದೇ ಹಲಗೆಯ ಮೇಲೆ ಇಡಬೇಡಿ.

ತೊಂದರೆಗಳು

ಕರೆಂಟ್ ಹೋಗಿ ಯುಪಿಎಸ್ ಬಂದಾಗ ಶ್ರುತಿ ಬದಲಾದಂತಿದೆ, ಆದರೆ ಸ್ಟ್ರೋಬ್ ಚುಕ್ಕೆಗಳು ಅಲುಗದೆ ನಿಂತಿವೆ: ಸಿಂಕ್ರನಸ್ ಮೋಟಾರೂ ಸ್ಟ್ರೋಬ್ ದೀಪವೂ ಒಂದೇ ಯುಪಿಎಸ್ಸಿನ ಮಾತು ಕೇಳುತ್ತಿವೆ. ಒಬ್ಬರ ಸುಳ್ಳಿಗೆ ಇನ್ನೊಬ್ಬರು ಸಾಕ್ಷಿ. ನಿಮ್ಮ ಕಿವಿಯನ್ನೇ ನಂಬಿ.

ಎರಡು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಇಡೀ ಕಪಾಟು ಗುಡುಗುತ್ತದೆ: ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ. ಕಾರ್ಟ್ರಿಡ್ಜಿನ ತಪ್ಪಿಲ್ಲ. ಸೂಜಿ ಎತ್ತಿಟ್ಟು ಟೆರೇಸಿಗೆ ಹೋಗಿ.

ಸೂಜಿಯ ಕಡ್ಡಿ ತೊಂಬತ್ತು ಡಿಗ್ರಿ ಬಾಗಿದೆ: ಯಾರೋ ಧೂಳು ಒರೆಸಿದ್ದಾರೆ. ಯಾರೆಂದು ವಿಚಾರಿಸಬೇಡಿ. ಸೂಜಿಯ ಮುಂದಿನ ಪ್ಲಾಸ್ಟಿಕ್ ಮುಚ್ಚಳವನ್ನು ಪ್ರತಿ ಸಲ ಹಾಕುವ ಅಭ್ಯಾಸ ಮಾಡಿಕೊಳ್ಳಿ.

ಖಾತರಿ

ಇಲ್ಲ. ಜಯನಗರ, ಬಸವನಗುಡಿಯವರಿಗೆ ಈ ಕೈಪಿಡಿ ಅನ್ವಯಿಸುವುದಿಲ್ಲ. ಅವರ ಮನೆಯಲ್ಲಿ ಎಲ್ಲ ಮೊದಲಿನಿಂದಲೇ ಸರಿಯಾಗಿರುತ್ತದೆಂದು ಅವರೇ ಹೇಳುತ್ತಾರೆ.