ಬಾಯಿ ತೆಗೀರಿ, ಬ್ಯಾಂಕಿನವ್ರೇ!

ಕರದಂಟು ಇರುವ ತನಕ ಗೋಕಾಕದ ಹಲ್ಲಿನ ಡಾಕ್ಟರಿಗೆ ಕೆಲಸದ ಚಿಂತೆಯಿಲ್ಲ. ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ ಒಂದಾಗಿ, ಯಾವ ಕಾಲದಲ್ಲೋ ತುಂಬಿಸಿದ ಸಿಮೆಂಟನ್ನು ಒಂದೇ ಕಡಿತಕ್ಕೆ ಕಿತ್ತು ಕೈಗೆ ಕೊಡುತ್ತವೆ. ಚಿಂತೆ ಶುರುವಾಗುವುದು ಪೇಷಂಟು ರೊಕ್ಕ ಎಣಿಸಿಕೊಟ್ಟ ಮೇಲೆ. ಇದನ್ನು ಇಡುವುದೆಲ್ಲಿ?

ಈ ಡಾಕ್ಟರು ಸಾಮಾನ್ಯರಲ್ಲ. 'ನೋವೇನಿಲ್ರೀ' ಎಂದವರನ್ನು ನಂಬದೆ ಎಕ್ಸ್‌ರೇ ತೆಗೆಸುತ್ತಾರೆ. ಮೇಲೆ ಥಳಥಳ ಹೊಳೆಯುವ ಕ್ಯಾಪಿನ ಒಳಗೆ ಬೇರು ಕೊಳೆತಿರಬಹುದೆಂದು ಓದಿ ಪಾಸಾದವರು. ಅಂಥವರು ಬ್ಯಾಂಕಿನ ವಿಷಯಕ್ಕೆ ಬಂದರೆ ಕೇಳುವುದು ಒಂದೇ ಪ್ರಶ್ನೆ: 'ಚೇರಮನ್ನರು ಯಾರ ಪೈಕಿ?'

ಪ್ರಶ್ನೆ ದಡ್ಡತನದ್ದಲ್ಲ. ಗೋಕಾಕ, ಮೂಡಲಗಿ ಕಡೆ ಜಾರಕಿಹೊಳಿ ಮನೆತನ, ಹುಕ್ಕೇರಿ ಕಡೆ ಕತ್ತಿ ಮನೆತನ. ಈ ಸೀಮೆಯಲ್ಲಿ ಸಹಕಾರ ಎಂದರೆ ರಾಜಕಾರಣದ ಇನ್ನೊಂದು ಹೆಸರು. ಹುಕ್ಕೇರಿಯಲ್ಲಂತೂ ಕರೆಂಟು ಕೊಡುವುದೂ ಸಹಕಾರಿ ಸಂಘವೇ. 2025ರ ಸೆಪ್ಟೆಂಬರ್‌ನಲ್ಲಿ ಅದರ ಆಡಳಿತ ಮಂಡಳಿಗೆ ನಡೆದ ಚುನಾವಣೆಯ ಜಿದ್ದು ನೋಡಿದವರಿಗೆ ವಿಧಾನಸಭೆ ಚುನಾವಣೆ ಸಪ್ಪೆ ಅನಿಸಿರಬೇಕು. ಅದು ಮುಗಿಯಿತೋ ಇಲ್ಲವೋ, ಜಿಲ್ಲಾ ಕೇಂದ್ರ ಸಹಕಾರಿ (ಡಿಸಿಸಿ) ಬ್ಯಾಂಕಿನ ಚುನಾವಣೆ. ಡಾಕ್ಟರು ಖಾತೆ ತೆರೆದರೆ ಪಕ್ಷ ಸೇರಿದಂತೆಯೇ. ಒಂದು ಬಣದ ಸೊಸೈಟಿಯಲ್ಲಿ ಠೇವಣಿ ಇಟ್ಟರೆ ಇನ್ನೊಂದು ಬಣದವರ ಹಲ್ಲುನೋವು ಅವತ್ತಿನಿಂದಲೇ ಸಂಕೇಶ್ವರದ ದವಾಖಾನೆಗೆ ಹೋಗುತ್ತದೆ.

ಹಾಗಾಗಿ ವಿಶ್ವಾಸಾರ್ಹ ಬ್ಯಾಂಕೆಂದರೆ ನಮ್ಮವರ ಬ್ಯಾಂಕು. ನಮ್ಮವರು ಮೋಸ ಮಾಡುವುದಿಲ್ಲ. ಮಾಡಿದರೂ ಅದಕ್ಕೆ ಹೊರಗಿನವರ ಕುತಂತ್ರ ಎಂಬ ಹೆಸರಿರುತ್ತದೆ.

2024ರಲ್ಲಿ ಗೋಕಾಕದ ಮಹಾಲಕ್ಷ್ಮಿ ಅರ್ಬನ್ ಕೋ-ಆಪರೇಟಿವ್ ಕ್ರೆಡಿಟ್ ಬ್ಯಾಂಕಿನ ದೂರು ಪೊಲೀಸ್ ಠಾಣೆ ಮೆಟ್ಟಿಲೇರಿದಾಗ ಈ ಸಿದ್ಧಾಂತ ಕೊಂಚ ಅಲುಗಾಡಿತು. ಸುಮಾರು 75 ಕೋಟಿ ರೂಪಾಯಿ ವಂಚನೆಯ ಆರೋಪ. ಆರೋಪಿಗಳ ಪಟ್ಟಿಯಲ್ಲಿ ಬ್ಯಾಂಕಿನ ಸಿಬ್ಬಂದಿಯೇ. ಇಟ್ಟ ಠೇವಣಿ ಸಣ್ಣದು, ಅದರ ಮೇಲೆ ಎತ್ತಿದ ಸಾಲ ಹಲವು ಪಟ್ಟು ಎಂಬುದು ದೂರಿನ ಸಾರ. ಅವತ್ತು ಬ್ಯಾಂಕಿನ ಬಾಗಿಲಲ್ಲಿ ನಿಂತವರಲ್ಲಿ ಹೊರಗಿನವರು ಯಾರೂ ಇರಲಿಲ್ಲ. ಎಲ್ಲರೂ ನಮ್ಮವರೇ.

ಅದಕ್ಕೂ ಮೊದಲು, 2017ರಲ್ಲಿ, ಬೆಳಗಾವಿಯ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ಅರ್ಬನ್ ಕ್ರೆಡಿಟ್ ಸೊಸೈಟಿ ಕೈ ಎತ್ತಿತ್ತು. ಅದರ ಅಧ್ಯಕ್ಷರೇ 2012ರಲ್ಲಿ ರಾಯಣ್ಣನ ಸಿನಿಮಾದ ನಿರ್ಮಾಪಕರು. ದೇಶಕ್ಕಾಗಿ ನೇಣಿಗೇರಿದವನ ಹೆಸರು ಬೋರ್ಡಿನ ಮೇಲಿದ್ದ ಮೇಲೆ ಲೆಕ್ಕಪತ್ರ ಕೇಳುವ ಧೈರ್ಯ ಯಾರಿಗಿದೆ? ನಮ್ಮಲ್ಲಿ ಲಕ್ಷ್ಮಿ, ಬಸವ, ರಾಯಣ್ಣ ಎಲ್ಲರೂ ಠೇವಣಿಗೆ ಜಾಮೀನು. ಸಹಿ ಮಾತ್ರ ಅವರದಲ್ಲ.

ಈಗ ಬೋರ್ಡು ಓದೋಣ. 'ಪತ್ತಿನ ಸೌಹಾರ್ದ ಸಹಕಾರಿ' ಎಂದು ಬರೆದ ಕಟ್ಟಡಕ್ಕೂ ಗಾಜಿನ ಬಾಗಿಲಿದೆ, ಏಸಿ ಇದೆ, ಕೌಂಟರ್ ಇದೆ, ಪಾಸ್‌ಬುಕ್ಕಿದೆ. ಇಲ್ಲದ್ದು ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಮತ್ತು ಠೇವಣಿ ವಿಮೆ. ಲೈಸೆನ್ಸ್ ಇರುವ ಬ್ಯಾಂಕು, ಅದು ಪಟ್ಟಣ ಸಹಕಾರಿ ಬ್ಯಾಂಕೇ ಆಗಿರಲಿ, ಮುಳುಗಿದರೆ ಒಬ್ಬ ಠೇವಣಿದಾರನಿಗೆ ಅಸಲು ಬಡ್ಡಿ ಸೇರಿ 5 ಲಕ್ಷದ ತನಕ ವಿಮೆ ಸಿಗುತ್ತದೆ. 2020ರ ಫೆಬ್ರುವರಿ ತನಕ ಇದು ಬರೀ 1 ಲಕ್ಷವಿತ್ತು. ಮೂಡಲಗಿಯ ನೆರೆಯ ಮುಧೋಳದ ಕೋ-ಆಪರೇಟಿವ್ ಬ್ಯಾಂಕಿನ ಲೈಸೆನ್ಸನ್ನು 2022ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ರದ್ದು ಮಾಡಿದಾಗ ಸಣ್ಣ ಠೇವಣಿದಾರರಿಗೆ ಆಸರೆಯಾದದ್ದು ಈ ವಿಮೆಯೇ. ಸೊಸೈಟಿ ಮುಳುಗಿದರೆ ಸಿಗುವುದು ಠೇವಣಿದಾರರ ಹೋರಾಟ ಸಮಿತಿಯ ಸದಸ್ಯತ್ವ.

ನಮ್ಮ ಡಾಕ್ಟರು ಜಾಣರು, ವಿಮೆಯ ಸುದ್ದಿ ಕೇಳಿದ್ದೇ ರೊಕ್ಕ ಹಂಚಿದರು. ಒಂದೇ ಬ್ಯಾಂಕಿನ ಗೋಕಾಕ ಶಾಖೆಯಲ್ಲಿ 4 ಲಕ್ಷ, ಮೂಡಲಗಿ ಶಾಖೆಯಲ್ಲಿ 4, ಹುಕ್ಕೇರಿ ಶಾಖೆಯಲ್ಲಿ 4. ಮೂರೂ ಊರಿಗೆ ಬೈಕಿನ ಪೆಟ್ರೋಲು ದಂಡ. ಶಾಖೆ ಎಷ್ಟಿದ್ದರೂ ಬ್ಯಾಂಕು ಒಂದೇ; ಹನ್ನೆರಡರಲ್ಲಿ ವಿಮೆ ಇರುವುದು ಐದಕ್ಕೆ. ಕ್ಲಿನಿಕ್ಕಿನ ಹೆಸರಿನ ಕರೆಂಟ್ ಅಕೌಂಟು ಬೇರೆ ಎಂದುಕೊಂಡಿದ್ದರು. ಮಾಲೀಕರು ಒಬ್ಬರೇ ಆದ್ದರಿಂದ ಅದನ್ನೂ ಅವರ ಸ್ವಂತ ಖಾತೆಯ ಜೊತೆಗೇ ಕೂಡಿಸುತ್ತಾರೆ. ಹೆಂಡತಿಯ ಹೆಸರಿನ ಖಾತೆಗೆ ಬೇರೆ 5 ಲಕ್ಷದ ವಿಮೆ ಇದೆ ಎಂಬ ಸಂಗತಿಯನ್ನು ಅವರು ಮನೆಯಲ್ಲಿ ಇನ್ನೂ ಬಾಯಿಬಿಟ್ಟಿಲ್ಲ.

ಸರಕಾರಿ ಬ್ಯಾಂಕಿಗೆ ಹೋಗಬಹುದಲ್ಲ ಎಂದರೆ, ಹೋಗಿ ಬಂದಿದ್ದಾರೆ. ಹೊಸ ಡೆಂಟಲ್ ಚೇರಿಗೂ ಎಕ್ಸ್‌ರೇ ಮಶೀನಿಗೂ ಸಾಲ ಬೇಕಿತ್ತು. ಎಲ್ಲಿಂದಲೋ ವರ್ಗವಾಗಿ ಬಂದ ಮ್ಯಾನೇಜರು ಹಿಂದಿಯಲ್ಲಿ ಮೂರು ವರ್ಷದ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಕೇಳಿದರು. ಡಾಕ್ಟರು ಕಾಗದ ಕೊಟ್ಟರು. ಮ್ಯಾನೇಜರು ಒಮ್ಮೆ ಕಾಗದ, ಒಮ್ಮೆ ಡಾಕ್ಟರ ಮುಖ ನೋಡಿ, ಇಷ್ಟು ಬಡವರಿಗೆ ಸಾಲ ಕೊಟ್ಟರೆ ಕಂತು ಕಟ್ಟುವವರು ಯಾರು ಎಂದರು. ಆದಾಯ ತೆರಿಗೆಯವರ ಮುಂದೆ ವರ್ಷವಿಡೀ ಬಡವರಾಗಿದ್ದು ಬ್ಯಾಂಕಿನವರ ಮುಂದೆ ಅರ್ಧ ಗಂಟೆಯಲ್ಲಿ ಸಾಹುಕಾರರಾಗುವುದು ಯಾರಿಗೂ ಸುಲಭವಲ್ಲ. ಕೊನೆಗೆ ಸಾಲವೇನೋ ಮಂಜೂರಾಯಿತು, ಕೇಳದ ಒಂದು ಜೀವ ವಿಮೆ ಪಾಲಿಸಿಯನ್ನು ಬೆನ್ನಿಗೆ ಕಟ್ಟಿಕೊಂಡು.

ಮುಂದಿನ ಸಾಲಕ್ಕೆ ಡಾಕ್ಟರು ಸಿಟ್ಟಿನಿಂದ ಸೊಸೈಟಿಗೆ ನಡೆದರು. ಅಲ್ಲಿ ಚಹಾ ಬಂತು, 'ಬರ್ರಿ ಡಾಕ್ಟರ್ ಸಾಹೇಬ್ರ' ಬಂತು, ಎರಡು ತಾಸಿನಲ್ಲಿ ಸಾಲವೂ ಬಂತು. ಊರೆಲ್ಲ ಹೊಗಳಿದರು. ನನಗೆ ಮಾತ್ರ ಕಾಗದ ಕೇಳಿ ಜೀವ ತಿಂದ ಆ ಹಿಂದಿ ಮ್ಯಾನೇಜರ ಮೇಲೆ ಗೌರವ ಹೆಚ್ಚಾಯಿತು. ನಿಮಗೆ ಎರಡು ತಾಸಿನಲ್ಲಿ ಸಾಲ ಕೊಟ್ಟವರು, ನೀವಿಟ್ಟ ಠೇವಣಿಯನ್ನೂ ಯಾರಿಗೋ ಎರಡೇ ತಾಸಿನಲ್ಲಿ ಕೊಟ್ಟಿರುತ್ತಾರಲ್ಲ!

ತಿಳಿದುಕೊಳ್ಳಲು ದಾರಿಯೇ ಇಲ್ಲವೆಂದಲ್ಲ. ವರ್ಷಕ್ಕೊಮ್ಮೆ ವಾರ್ಷಿಕ ಸಾಮಾನ್ಯ ಸಭೆ ನಡೆಯುತ್ತದೆ, ವರದಿ ಪುಸ್ತಕ ಮನೆಗೆ ಬರುತ್ತದೆ. ವಸೂಲಾಗದ ಸಾಲ ಎಷ್ಟು, ನಿರ್ದೇಶಕರ ಬಂಧುಬಳಗಕ್ಕೆ ಹೋದದ್ದೆಷ್ಟು, ಆಡಿಟರು ಏನು ಕೊಂಕು ತೆಗೆದಿದ್ದಾರೆ ಎಂದು ಹುಡುಕಬೇಕಾದ ಪುಟಗಳು ಅದರಲ್ಲಿವೆ. ಆದರೆ ಮೊದಲ ಪುಟಗಳ ತುಂಬ ನಿರ್ದೇಶಕರ ಬಣ್ಣದ ಫೋಟೊ. ಅಲ್ಲಿಗೇ ನಮ್ಮ ಆಡಿಟ್ ಮುಗಿಯುತ್ತದೆ. ಸಭೆಗೆ ಹೋದವರಿಗೆ ಊಟ, ಜೊತೆಗೊಂದು ಸ್ಟೀಲ್ ಡಬ್ಬಿ. ಡಬ್ಬಿ ಹಿಡಿದ ಕೈ ಪ್ರಶ್ನೆ ಕೇಳಲು ಮೇಲೇಳುವುದಿಲ್ಲ.

ಹೋದ ತಿಂಗಳು ಒಂದು ಸೊಸೈಟಿಯ ಸೆಕ್ರೆಟರಿ ದವಡೆ ಹಿಡಿದುಕೊಂಡು ನಮ್ಮ ಡಾಕ್ಟರ ಬಳಿ ಬಂದರು. ನೋವಿನಲ್ಲೂ ಕರ್ತವ್ಯ ಮರೆಯಲಿಲ್ಲ.

'ನಮ್ಮಲ್ಲಿ ಎಫ್‌ಡಿ ಮಾಡ್ರೀ ಡಾಕ್ಟ್ರ, ಯಾರೂ ಕೊಡದಷ್ಟು ಬಡ್ಡಿ ಕೊಡ್ತೇವಿ.'

'ಮಾಡೋಣಂತ. ಮೊದಲ ಬಾಯಿ ತೆಗೀರಿ. ಅಲ್ರೀ, ನಿಮ್ಮ ಸ್ವಂತ ರೊಕ್ಕ ಎಲ್ಲಿ ಇಟ್ಟೀರಿ?'

ಸೂಜಿ ಕಂಡ ಗಾಬರಿಯಲ್ಲಿ ಸೆಕ್ರೆಟರಿ ನಿಜ ನುಡಿದೇಬಿಟ್ಟರು.

'ಪೋಸ್ಟ್ ಆಫೀಸಿನ್ಯಾಗ್ರೀ.'